ಒಂದೇ ಮರಳಿನಲ್ಲಿ ನರಿ ಮತ್ತು ಹುಲಿ

ನಮ್ಮ ವಿಜ್ಞಾನ ಕೇಂದ್ರದ ನೆಲಮಹಡಿಯಲ್ಲಿ ಖಾಲಿ ಬಿದ್ದಿದ್ದ ಉದ್ದನೆಯ ಕೋಣೆಗೆ ರೋಬೋಟ್ ಬರಬೇಕೋ ಹುಳ ಬರಬೇಕೋ ಎಂಬ ಚರ್ಚೆ ಎದ್ದಾಗ, ಹುಳದ ಪರವಾಗಿ ಕೈಯೆತ್ತಿದವಳು ನಾನೊಬ್ಬಳೇ.

ಚೆನ್ನೈಯ ಗಿಂಡಿಯಲ್ಲಿರುವ ಆ ಪುಟ್ಟ ಕೇಂದ್ರದಲ್ಲಿ ನನ್ನದು ಪ್ರದರ್ಶನ ವಿಭಾಗ. ಬೇರೆಯವರು ಮಾಡಿದ ಯಂತ್ರಗಳ ಪಕ್ಕ ನಿಲ್ಲಿಸುವ ಫಲಕಗಳನ್ನು ಬರೆಯುವುದು, ಚಿತ್ರ ಮಾಡಿಸುವುದು, ಜನ ಒತ್ತಿ ಒತ್ತಿ ಕೆಡಿಸಿದ ಬಟನ್‌ಗಳನ್ನು ರಿಪೇರಿಗೆ ಕಳಿಸುವುದು. ಓದಿದ್ದು ಪ್ರಾಣಿಶಾಸ್ತ್ರ. ಒಂದು ಇಡೀ ಕೋಣೆಯನ್ನು ನಾನೇ ಯೋಚಿಸಿ ಕಟ್ಟುವ ಅವಕಾಶ ಅಲ್ಲಿಯವರೆಗೆ ಸಿಕ್ಕಿರಲಿಲ್ಲ.

ನಮ್ಮ ನಿರ್ದೇಶಕರು ಮೆಕ್ಯಾನಿಕಲ್ ಎಂಜಿನಿಯರ್. ಒಳ್ಳೆಯವರು, ಆದರೆ ತಿರುಗದ, ಮಿನುಗದ ವಸ್ತುವಿನಲ್ಲಿ ಅವರಿಗೆ ಆಸಕ್ತಿ ಕಡಿಮೆ. ಅವರು ಮಾತಾಡುವುದು ತಮಿಳು. ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

"ಹುಳ ತೋರಿಸಬೇಕು ಅಂದ್ರೆ ದೊಡ್ಡ ಸ್ಕ್ರೀನ್ ಹಾಕೋಣಮ್ಮ. ಸ್ಕ್ರೀನ್ ಸಾಯಲ್ಲ. ಹುಳ ಸಾಯುತ್ತೆ."

"ಸಾರ್, ಜೀವ ಇರೋದನ್ನ ನೋಡೋಕೇ ಜನ ಬರ್ತಾರೆ. ಎರಡೇ ಹುಳ ಸಾಕು. ಒಂದೇ ಪೆಟ್ಟಿಗೆ. ಒಂದೇ ಮರಳು."

"ಯಾವ ಹುಳ?"

"ಒಂದು ನರಿ, ಒಂದು ಹುಲಿ," ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ನನಗೆ ಬೇಕಾಗಿದ್ದೂ ಅದೇ.

ನರಿ ಎಂದರೆ ಕುಳಿನರಿ. ಕನ್ನಡದಲ್ಲಿ ಇದಕ್ಕೆ ಊರಿಗೊಂದು ಹೆಸರು, ಕೆಲವರು ಗುಬ್ಬಚ್ಚಿ ಹುಳ ಎನ್ನುತ್ತಾರೆ. ತಮಿಳಿನವರು ಕುಳಿನರಿ ಅನ್ನುತ್ತಾರೆ, ನಮ್ಮ ಕಿವಿಗೂ ಅದು ಹೊರಗಿನದು ಅನಿಸುವುದಿಲ್ಲ. ಮಳೆ ತಾಗದ ಸೂರಿನಡಿಯ ಹುಡಿಮಣ್ಣಿನಲ್ಲಿ ಆಲಿಕೆಯ ಆಕಾರದ ಪುಟ್ಟ ಗುಂಡಿಗಳನ್ನು ನೀವು ನೋಡಿರುತ್ತೀರಿ. ಅದರ ತಳದಲ್ಲಿ ಮಣ್ಣಿನೊಳಗೆ ಹುದುಗಿ, ಕತ್ತರಿಯಂಥ ದವಡೆಯನ್ನು ಮಾತ್ರ ತೆರೆದಿಟ್ಟು ಕೂತಿರುವ ಮರಿಹುಳವೇ ಕುಳಿನರಿ. ಇರುವೆಯೊಂದು ಅಂಚಿಗೆ ಕಾಲಿಟ್ಟರೆ ಮರಳು ಜಾರುತ್ತದೆ. ಹತ್ತಿ ಪಾರಾಗಲು ನೋಡಿದರೆ ಕೆಳಗಿನಿಂದ ತಲೆ ಕೊಡವಿ ಮರಳು ಎರಚುತ್ತದೆ.

ಹುಲಿ ಎಂದರೆ ಹುಲಿದುಂಬಿ. ಬಿಸಿಲಲ್ಲಿ ಬಯಲು ನೆಲದ ಮೇಲೆ ಅತಿ ವೇಗದಿಂದ ಓಡುವ, ಉದ್ದ ಕಾಲಿನ, ಮಿರುಗುವ ಮೈಯ ದುಂಬಿ. ಆದರೆ ಅದರ ಮರಿ ಓಡುವುದೇ ಇಲ್ಲ. ನೆಟ್ಟಗೆ ಕೆಳಗಿಳಿಯುವ ಒಂದು ಬಿಲ ತೋಡಿ, ಬಾಟಲಿಗೆ ಬಿರಡೆ ಹಾಕಿದಂತೆ ತನ್ನ ಚಪ್ಪಟೆ ತಲೆಯಿಂದ ಬಿಲದ ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಇರುವೆ ಹತ್ತಿರ ಬಂದರೆ ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಬಾಗಿ ಕಚ್ಚಿ ಒಳಗೆಳೆಯುತ್ತದೆ. ಬೇಟೆಯ ಎಳೆತಕ್ಕೆ ತಾನೇ ಹೊರಗೆ ಬರದಂತೆ ಅದರ ಬೆನ್ನಿನ ಗೂನಿನಲ್ಲಿ ಕೊಕ್ಕೆಗಳಿವೆ.

ಇವೆರಡೂ ದೂರದ ನೆಂಟರೂ ಅಲ್ಲ ಎನ್ನುವಷ್ಟು ಬೇರೆ ಬೇರೆ ಕುಲದವು. ಆದರೂ ಒಂದೇ ಬಯಲಿನ ಮರಳು, ಒಂದೇ ಇರುವೆ, ಕೂತಲ್ಲೇ ಕಾಯುವ ಒಂದೇ ಹಟ. ಒಂದು ಬಲೆ ಕಟ್ಟಿ ಕಾಯುತ್ತದೆ, ಇನ್ನೊಂದು ಹೊಂಚಿ ಕಾಯುತ್ತದೆ. ಇದನ್ನು ಒಂದೇ ಗಾಜಿನ ಹಿಂದೆ ತೋರಿಸುವುದು ನನ್ನ ಆಸೆ.

ನಿರ್ದೇಶಕರು ಕನ್ನಡಕ ಮತ್ತೆ ಏರಿಸಿಕೊಂಡರು. "ಪೊಂಗಲ್ ರಜಕ್ಕೆ ಬಾಗಿಲು ತೆಗೀತೀನಿ. ಅಷ್ಟರಲ್ಲಿ ಎರಡೂ ಬೇಟೆ ಆಡ್ತಿರಬೇಕು. ಇಲ್ಲಾಂದ್ರೆ ರೋಬೋಟ್."

ದೀಪಾವಳಿ ಆಗಷ್ಟೇ ಮುಗಿದಿತ್ತು. ಚೆನ್ನೈಯ ಮಳೆಗಾಲ ಶುರುವಾಗಿತ್ತು.

ಹುಳಗಳನ್ನು ತರಲು ತಾಂಬರಂ ಹತ್ತಿರದ ಒಂದು ಕಾಲೇಜಿನ ಒಪ್ಪಿಗೆ ಪಡೆದೆ. ಅವರ ಮೈದಾನದ ಹಿಂದೆ ಹಳೆಯ ಸೈಕಲ್ ಶೆಡ್ಡು, ಅದರ ಸುತ್ತ ಯಾರೂ ಸಿಮೆಂಟು ಬಳಿಯದ ಮರಳು ನೆಲ. ಶೆಡ್ಡಿನ ಒಳಗೆ ಕುಳಿಗಳು, ಹೊರಗೆ ನಾಲ್ಕು ಹೆಜ್ಜೆಯಲ್ಲಿ ಪೆನ್ಸಿಲ್ ಚುಚ್ಚಿ ತೆಗೆದಂಥ ದುಂಡನೆಯ ಬಿಲಗಳು. ಎರಡನ್ನೂ ಒಂದೇ ಕಡೆ ಕಂಡಾಗ ನಾನು ಒಬ್ಬಳೇ ನಿಂತು ಜೋರಾಗಿ ನಕ್ಕುಬಿಟ್ಟೆ.

ಕುಳಿನರಿ ಹಿಡಿಯುವುದು ಸುಲಭ. ಗುಂಡಿಯ ಕೆಳಗೆ ಚಮಚ ತೂರಿಸಿ ಮಣ್ಣೆತ್ತಿ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದರೆ ಮರಳು ಇಳಿದು ಬೂದುಬಣ್ಣದ ಹುಳ ಉಳಿಯುತ್ತದೆ. ಮುಟ್ಟಿದರೆ ಹಿಂದಕ್ಕೇ ನಡೆಯುತ್ತದೆ. ಗುಂಡಿ ತೋಡುವ ಈ ಜಾತಿಗೆ ಮುಂದಕ್ಕೆ ನಡೆಯುವುದು ಗೊತ್ತಿಲ್ಲ.

ಹುಲಿಯ ಮರಿ ಹಿಡಿಯುವುದು ಮೀನು ಹಿಡಿದ ಹಾಗೆ. ಉದ್ದನೆಯ ಹುಲ್ಲುಕಡ್ಡಿಯನ್ನು ಬಿಲದೊಳಗೆ ಇಳಿಬಿಟ್ಟು ಮಂಡಿಯೂರಿ ಕಾಯಬೇಕು. ತನ್ನ ಮನೆಗೆ ಕಸ ಬಿತ್ತೆಂದು ಹುಳ ಕಡ್ಡಿಯನ್ನು ಕಚ್ಚಿ ಮೇಲಕ್ಕೆ ನೂಕಿಕೊಂಡು ಬರುತ್ತದೆ. ಕಡ್ಡಿ ಅಲುಗಿ ಅಲುಗಿ ಮೇಲೇರುತ್ತದೆ. ತಲೆ ಬಾಯಿಯ ಹತ್ತಿರ ಬಂದ ಕ್ಷಣದಲ್ಲಿ ಓರೆಯಾಗಿ ಕರಣೆ ತೂರಿಸಿ ಅದರ ಹಿಂದಿನ ದಾರಿ ಮುಚ್ಚಬೇಕು. ತಡವಾದರೆ ಅದು ತಳಕ್ಕೆ ಬಿದ್ದಾಗಿರುತ್ತದೆ. ಆಮೇಲೆ ಗಂಟೆಗಟ್ಟಲೆ ಬರುವುದಿಲ್ಲ. ಅವಸರ ಮಾಡಿದರೆ ಕರಣೆ ಹುಳಕ್ಕೇ ತಾಗುತ್ತದೆ. ಮೊದಲ ಬಾರಿ ಸರಿಯಾಗಿ ಸಿಕ್ಕಾಗ ಅಂಗೈಯಲ್ಲಿಟ್ಟು ನೋಡಿದೆ. ಕಬ್ಬಿಣದಂಥ ತಲೆ, ಬೆಣ್ಣೆಯಂಥ ಮೈ. ಒದ್ದೆ ಮಣ್ಣು ತುಂಬಿದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಒಂದೊಂದನ್ನೇ ಇಳಿಸಿಕೊಂಡು ಲೋಕಲ್ ಟ್ರೈನ್ ಹತ್ತಿದೆ. ಗಿಂಡಿ ಬರುವವರೆಗೂ ಚೀಲವನ್ನು ತೊಡೆಯಿಂದ ಇಳಿಸಲಿಲ್ಲ.

ಪೆಟ್ಟಿಗೆ ಸಿದ್ಧವಾಗುವ ತನಕ ಕುಳಿನರಿಗಳನ್ನು ಮೈಲಾಪೂರಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಇಟ್ಟಿದ್ದೆ. ಹತ್ತಿರ ಬಿಟ್ಟರೆ ಒಂದನ್ನೊಂದು ತಿನ್ನುತ್ತವೆ, ಹಾಗಾಗಿ ಒಂದೊಂದಕ್ಕೂ ಒಂದೊಂದು ಡಬ್ಬಿ.

ಅಮ್ಮ ಬೆಳಿಗ್ಗೆ ನೋಡಿ, "ಏನೇ ಇದು, ತಯಿರ್ ಡಬ್ಬಾ ಎಲ್ಲಾ ಮಣ್ಣು ತುಂಬಿಟ್ಟಿದ್ದೀ?" ಎಂದರು. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲಿರುವ ನಮ್ಮ ಮನೆಯಲ್ಲಿ ಮೊಸರಿಗೆ ಮೊಸರು ಎನ್ನುವುದು ಹಬ್ಬದ ದಿನ ಮಾತ್ರ.

"ಅಮ್ಮಾ, ಮುಟ್ಟಬೇಡ, ಕುಳಿನರಿ ಇದೆ."

"ಅಯ್ಯೋ, ಇದಕ್ಕಾ ಸಂಬಳ ಕೊಡ್ತಾರೆ ನಿಂಗೆ?" ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಸಕ್ಕರೆ ಡಬ್ಬಿಗೆ ಮುತ್ತಿದ್ದ ಇರುವೆಗಳನ್ನು ಒಂದು ಕಾಗದದ ಮೇಲೆ ಹತ್ತಿಸಿಕೊಂಡು ಬಂದು ಒಂದೊಂದೇ ಡಬ್ಬಿಗೆ ಹಂಚುತ್ತಿದ್ದರು.

ಪೆಟ್ಟಿಗೆ ಮಾಡಿದವರು ಗಿಂಡಿ ಕೈಗಾರಿಕಾ ಎಸ್ಟೇಟಿನಲ್ಲಿ ಗಾಜು, ಅಕ್ರಿಲಿಕ್ ಕೆಲಸದ ಶೆಡ್ಡು ಇಟ್ಟುಕೊಂಡಿದ್ದವರು. ಉಡುಪಿ ಕಡೆಯವರು. ತಂದೆ ಮಾಂಬಲದಲ್ಲಿ ಹೋಟೆಲು ನಡೆಸಿದವರು. ಇವರಿಗೆ ಇಡ್ಲಿಗಿಂತ ಇಡ್ಲಿ ಇಡುವ ಗಾಜಿನ ಕಪಾಟಿನ ಮೇಲೆ ಪ್ರೀತಿ ಹುಟ್ಟಿ ಈ ಕಸುಬಿಗೆ ಬಂದರಂತೆ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು. ಯಾರು ದೊಡ್ಡವರು ಎಂಬುದು ಇತ್ಯರ್ಥವಾಗಲೇ ಇಲ್ಲ.

ಮೇಜಿನುದ್ದದ ಎರಡು ಗಾಜಿನ ಹಾಳೆ, ನಡುವೆ ಒಂದು ಗೇಣು ಅಂತರ, ಅದರಲ್ಲಿ ಮರಳು. ಮೇಲಿನಿಂದಲೂ ನೋಡಬಹುದು, ಪಕ್ಕದಿಂದಲೂ ನೋಡಬಹುದು. ಎಡಗಡೆ ಅರ್ಧ ನರಿಗೆ, ಬಲಗಡೆ ಅರ್ಧ ಹುಲಿಗೆ. ನಡುವೆ ಗೋಡೆ ಇಲ್ಲ. ಕಾಗದದ ಮೇಲೆ ಅದು ಎಷ್ಟು ಚೆನ್ನಾಗಿ ಕಾಣುತ್ತಿತ್ತೆಂದರೆ ನಾನು ಆ ನಕ್ಷೆಯನ್ನು ಮೇಜಿನೆದುರು ಅಂಟಿಸಿಕೊಂಡಿದ್ದೆ.

ಮೊದಲ ಪೆಟ್ಟು ಮರಳಿನದು. ಕಟ್ಟಡಕ್ಕೆ ತಂದ ಎಂ-ಸ್ಯಾಂಡ್ ಉಳಿದಿತ್ತೆಂದು ಅದನ್ನೇ ತೊಳೆದು ತುಂಬಿದೆವು. ಕಲ್ಲು ಪುಡಿ ಮಾಡಿದ ಮರಳು ಅದು, ಕಣಗಳಿಗೆ ಚೂಪು ಅಂಚು. ಒಂದಕ್ಕೊಂದು ಸಿಕ್ಕಿಕೊಂಡು ನಿಲ್ಲುತ್ತವೆ. ಕುಳಿನರಿಗೆ ಬೇಕಾದದ್ದು ಸಣ್ಣಗೆ ಜಾರುವ ಇಳಿಜಾರು. ಅವು ಮರಳಿನೊಳಗೆ ಸುತ್ತಾಡಿ ಸುತ್ತಾಡಿ ಗೆರೆ ಎಳೆದವೇ ಹೊರತು ಒಂದೂ ಕುಳಿ ತೋಡಲಿಲ್ಲ. ಎಲ್ಲ ಸುರಿದು ತಾಂಬರಂನ ಅದೇ ನೆಲದ ಮರಳನ್ನು ಚೀಲಗಳಲ್ಲಿ ತರಿಸಿ ಮತ್ತೆ ತುಂಬಿದೆವು. ಮರುದಿನ ಬೆಳಿಗ್ಗೆ ಎಡಗಡೆ ಕುಳಿಗಳ ಸಾಲು! ನಾನು ಕುಣಿದುಬಿಟ್ಟೆ.

ಆದರೆ ಬಲಗಡೆ ಹುಲಿಗಳ ಬಿಲ ಕುಸಿದಿತ್ತು. ಒಣಮರಳಿನಲ್ಲಿ ಬಿಲದ ಗೋಡೆ ನಿಲ್ಲುವುದಿಲ್ಲ. ಸರಿ, ನೀರು ಚಿಮುಕಿಸಿದೆ. ಹುಲಿಗಳು ಬಿಲ ತೋಡಿದವು. ಎರಡು ದಿನದಲ್ಲಿ ತೇವ ಮರಳಿನೊಳಗೇ ನಡೆದು ಎಡಗಡೆಗೂ ಬಂತು. ಕುಳಿಗಳ ಮೇಲೆ ಹಪ್ಪಳದಂಥ ಪದರ ಕಟ್ಟಿತು, ನರಿಗಳು ಮೇಲೆ ಬಂದು ಅಲೆದಾಡತೊಡಗಿದವು. ನೀರು ನಿಲ್ಲಿಸಿದೆ. ಎ.ಸಿ.ಯ ಗಾಳಿಗೆ ಎಲ್ಲ ಒಣಗಿತು, ಕುಳಿಗಳು ಬಂದವು, ಬಿಲಗಳು ಹೋದವು. ಹೀಗೆ ಒಂದನ್ನು ಉಳಿಸಲು ಹೋದರೆ ಇನ್ನೊಂದು. ಕೆಲವು ಸತ್ತವು. ಬಿಲ ಕುಸಿದು ಹೂತುಹೋದ ಹುಲಿಮರಿಗಳನ್ನು ಉಳಿಸಲೆಂದು ನಾನೇ ಅಗೆದಾಗ ಒಂದು ನನ್ನ ಕರಣೆಗೇ ಸಿಕ್ಕಿ ಹೋಯಿತು.

ನಿರ್ದೇಶಕರು ಬಂದು ನೋಡಿದರು. ಬೈಯಲಿಲ್ಲ. "ಎರಡು ಬೇರೆ ಬೇರೆ ಪೆಟ್ಟಿಗೆ ಮಾಡಿಬಿಡು. ಒಂದು ಒಣಗಿದ್ದು, ಒಂದು ಒದ್ದೆ. ಮುಗೀತಲ್ಲ?"

ಗಾಜಿನಣ್ಣನೂ ಅದನ್ನೇ ಹೇಳಿದರು. "ನಡುವೆ ಒಂದು ಅಕ್ರಿಲಿಕ್ ಗೋಡೆ ಹಾಕುವ ಅಕ್ಕ. ಎಂತ ಕಷ್ಟ ಇದೆ ಅದರಲ್ಲಿ? ಕಣ್ಣಿಗೂ ಕಾಣುವುದಿಲ್ಲ."

"ನನಗೆ ಕಾಣುತ್ತೆ ಅಣ್ಣ," ಎಂದೆ. "ಗೋಡೆ ಹಾಕಿದರೆ ಅದು ಎರಡು ಜೈಲು. ಅವು ತಾಂಬರಂನಲ್ಲಿ ಒಟ್ಟಿಗೇ ಇವೆ. ಹೇಗೋ ಇವೆ."

"ಹೇಗೆ ಇವೆ ಅಂತ ಗೊತ್ತಾ?"



ಅದನ್ನು ತಿಳಿಯಲು ಮತ್ತೆ ತಾಂಬರಂಗೆ ಹೋದೆ. ಈ ಸಲ ಹುಳ ಹಿಡಿಯಲು ಅಲ್ಲ, ಸುಮ್ಮನೆ ನೋಡಲು. ಅಳತೆ ಟೇಪು, ಒಂದು ಚಮಚ, ಛತ್ರಿ. ಕುಳಿಗಳ ಜಾಗ, ಬಿಲಗಳ ಜಾಗ ಅಳೆಯುತ್ತಾ ಕೂತಿದ್ದಾಗ ಮಧ್ಯಾಹ್ನ ಒಮ್ಮೆಲೇ ಮೋಡ ಕವಿದು ಮಳೆ ಸುರಿಯಿತು. ಓಡಿ ಸೈಕಲ್ ಶೆಡ್ಡಿನೊಳಗೆ ನಿಂತೆ.

ಶೀಟಿನ ಅಂಚಿನಿಂದ ನೀರು ಒಂದೇ ಗೆರೆಯಲ್ಲಿ ಧಾರೆಯಾಗಿ ಬೀಳುತ್ತಿತ್ತು. ನನ್ನ ಕಾಲ ಬಳಿ ಕುಳಿಗಳು, ಒಂದು ಹನಿಯೂ ತಾಗದೆ ಒಣಗಿದ್ದವು. ಧಾರೆಯ ಆಚೆ ನೆಲ ಕಪ್ಪಾಗಿ ನೆನೆದು ಗಟ್ಟಿಯಾಗುತ್ತಿತ್ತು, ಅಲ್ಲೇ ಬಿಲಗಳು. ನಡುವೆ ನೀರು ಬಿದ್ದು ಕೊರೆದ ಗೆರೆ. ಇಷ್ಟೂ ದಿನ ನಾನು 'ಮರಳು' ಎಂದು ಒಂದೇ ಹೆಸರಿನಿಂದ ಕರೆದದ್ದು ಒಂದೇ ಆಗಿರಲಿಲ್ಲ. ಸೂರು ಎಲ್ಲಿ ಮುಗಿಯುತ್ತದೋ ಅಲ್ಲಿ ನರಿಯ ಊರು ಮುಗಿದು ಹುಲಿಯ ಊರು ಶುರುವಾಗುತ್ತಿತ್ತು. ಚಮಚದಿಂದ ಒಳಗಡೆಯ ಮಣ್ಣು ಕೆದಕಿದೆ. ಮೇಲೆ ಒಣಹುಡಿ, ಬೆರಳುದ್ದ ಕೆಳಗೆ ಜಲ್ಲಿ. ಯಾವಾಗಲೋ ಶೆಡ್ಡು ಕಟ್ಟುವಾಗ ಹಾಕಿದ ಜಲ್ಲಿ. ಅದರ ಕೆಳಗೆ ತೇವ. ಆ ತೇವ ಜಲ್ಲಿ ದಾಟಿ ಮೇಲೆ ಬಂದಿರಲಿಲ್ಲ!

ಮಳೆಯಲ್ಲೇ ಗಾಜಿನಣ್ಣನಿಗೆ ಫೋನ್ ಮಾಡಿದೆ. ಶೀಟಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ, ನಾನು ಕಿರುಚುತ್ತಿದ್ದೆ.

"ಅಣ್ಣಾ, ಗೋಡೆ ಬೇಡ! ಸೂರು ಬೇಕು! ಸೂರು!"

"ಎಂತ? ಚೂರಾ? ಗಾಜು ಒಡೀತಾ?"

"ಸೂರು ಅಣ್ಣ!" ಉಡುಪಿ ಕಡೆ ಸೂರಿಗೆ ಮಾಡು ಎನ್ನುತ್ತಾರೆಂದು ನೆನಪಾಯಿತು. "ಮಾಡು, ಮಾಡು!"

"ಮಾಡುವ ಮಾರಾಯ್ರೆ, ಎಂತ ಮಾಡುವುದು ಅಂತ ಹೇಳಿ ಮೊದಲು!"

ಅವರಿಗೆ ಅರ್ಥ ಮಾಡಿಸಲು ಗಿಂಡಿಗೇ ಹೋಗಬೇಕಾಯಿತು. ಒದ್ದೆ ಬಟ್ಟೆಯಲ್ಲೇ ಅವರ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಪೆಟ್ಟಿಗೆಯನ್ನು ಅರ್ಧ ಅರ್ಧ ಮಾಡುವ ಆಲೋಚನೆಯನ್ನೇ ಬಿಡೋಣ. ಇಳಿಜಾರು ಮಾಡೋಣ. ಎತ್ತರದ ಕಡೆ ಕೆಳಗೆ ಜಲ್ಲಿಯ ಪದರ, ಅದರ ಮೇಲೆ ಒಣಮರಳು, ಮೇಲೊಂದು ಪುಟ್ಟ ಸೂರು. ತಗ್ಗಿನ ಕಡೆ ಜಲ್ಲಿ ಇಲ್ಲ. ಅಲ್ಲಿ ಕೆಳಗಿನಿಂದ ಬತ್ತಿಯ ಮೂಲಕ ನೀರು. ದೀಪದ ಬತ್ತಿಯಲ್ಲಿ ಎಣ್ಣೆ ಏರುವ ಹಾಗೆ ಸಣ್ಣ ಮರಳಿನಲ್ಲಿ ನೀರು ತಾನೇ ಏರುತ್ತದೆ. ದಪ್ಪ ಜಲ್ಲಿ ಸಿಕ್ಕಿದರೆ ಅಲ್ಲಿಗೆ ಅದರ ಏಣಿ ಮುಗಿಯುತ್ತದೆ.

ಅವರು ಬಗ್ಗಿ ಸೂರಿನ ಗೆರೆಯನ್ನು ಗೇಣಿನಿಂದ ಅಳೆದರು. "ಸೂರಿಗೆ ನನ್ನ ಹತ್ತಿರ ಒಂದು ಹೊಗೆಬಣ್ಣದ ತುಂಡು ಉಂಟು. ನೆರಳೂ ಬೀಳ್ತದೆ." ಆಮೇಲೆ ಒಮ್ಮೆಲೇ ಹುರುಪೇರಿ, "ಅಕ್ಕ, ಸೂರಿನ ಅಂಚಿಗೆ ಸಣ್ಣ ತೂತು ಕೊರೆದು ಮಳೆಯನ್ನೇ ಬೀಳಿಸಿದರೆ? ಬೆಳಿಗ್ಗೆ ಒಂದು ಸಲ ಮಳೆ. ಜನ ನಿಂತು ನೋಡ್ತಾರೆ!" ಎಂದರು.

ಅದು ನನಗೆ ಹೊಳೆದಿರಲಿಲ್ಲ. ಅಂದಿನಿಂದ ಆ ಪೆಟ್ಟಿಗೆ ನಮ್ಮಿಬ್ಬರದೂ ಆಯಿತು.

ನಿರ್ದೇಶಕರನ್ನು ಕೇಳಿದಾಗ ಅವರು ಹುಳದ ಬಗ್ಗೆ ಒಂದು ಮಾತೂ ಆಡದೆ, ಬತ್ತಿಯ ದಪ್ಪ ಎಷ್ಟು, ಸೂರಿನ ತೂತು ಎಷ್ಟು, ನೀರಿನ ತೊಟ್ಟಿ ಎಷ್ಟು ಎತ್ತರದಲ್ಲಿ ಎಂದು ಕೇಳತೊಡಗಿದರು. ತಮ್ಮ ಪೆನ್ನು ತೆಗೆದು ನನ್ನ ನಕ್ಷೆಯ ಮೇಲೆ ಒಂದು ವಾಲ್ವ್ ಬರೆದೇಬಿಟ್ಟರು. ಆಗ ನನಗೆ ಧೈರ್ಯ ಬಂತು.

ಹಳೆಯದನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆವು. ನೀರು ಬಿಟ್ಟ ಮೇಲೆ ಗಾಜಿನ ಹೊರಗೆ ಮಾರ್ಕರ್ ಪೆನ್ನಿನಿಂದ ತೇವದ ಅಂಚನ್ನು ಗುರುತು ಹಾಕುತ್ತಾ ಬಂದೆ. ಮೊದಲ ದಿನ ಕಪ್ಪು ಗೆರೆ ಮೇಲೇರಿತು. ಮರುದಿನ ಇನ್ನೂ ಏರಿತು. ಅದರ ಮರುದಿನ ಜಲ್ಲಿಯ ಬುಡ ಮುಟ್ಟಿತು. ನಾನು, ಗಾಜಿನಣ್ಣ ಇಬ್ಬರೂ ಗಾಜಿಗೆ ಮೂಗು ತಾಗಿಸಿ ನಿಂತಿದ್ದೆವು. ನಾಲ್ಕನೆಯ ದಿನ ಬಂದು ನೋಡಿದರೆ ನಿನ್ನೆಯ ಗುರುತು, ಇವತ್ತಿನ ಅಂಚು, ಎರಡೂ ಒಂದೇ. ತೇವ ನಿಂತಿತ್ತು! ಗಾಜಿನಣ್ಣ ಎರಡೂ ಕೈ ಎತ್ತಿ "ನಿಂತಿತು ಮಾರಾಯ್ರೆ!" ಎಂದು ಕೂಗಿದ್ದು ಮೇಲಿನ ಮಹಡಿಯ ಕಚೇರಿಗೂ ಕೇಳಿಸಿತಂತೆ.

ಹುಳಗಳನ್ನು ಬಿಟ್ಟೆ. ಯಾವುದು ಎಲ್ಲಿರಬೇಕು ಎಂದು ನಾನು ನಿರ್ಧರಿಸಲಿಲ್ಲ. ಎಲ್ಲವನ್ನೂ ನಡುವಿನ ಅಂಚಿನಲ್ಲೇ ಇಟ್ಟೆ. ನರಿಗಳು ಹಿಂದಕ್ಕೆ ಹಿಂದಕ್ಕೆ ತೆವಳುತ್ತಾ, ಮರಳಿನ ಮೇಲೆ ಸುರುಳಿ ಗೆರೆ ಬರೆಯುತ್ತಾ ಸೂರಿನಡಿ ಸೇರಿದವು. ಹುಲಿಮರಿಗಳು ತಲೆಯನ್ನೇ ಗುದ್ದಲಿ ಮಾಡಿಕೊಂಡು ತಗ್ಗಿನ ಕಡೆ ಇಳಿದವು. ಒಂದೇ ಒಂದು ಹುಲಿ ಮಾತ್ರ ಕೊನೆಯ ಕುಳಿಗೆ ತೀರ ಹತ್ತಿರ, ತೇವದ ಅಂಚಿನಲ್ಲೇ ಬಿಲ ತೋಡಿತು. ಇರಲಿ ಎಂದು ಬಿಟ್ಟೆ. ಪುಟ್ಟ ಕಪ್ಪಿರುವೆಗಳನ್ನು ಬಿಟ್ಟಾಗ ಮೇಲೆ ಮರಳು ಹಾರಿತು, ಕೆಳಗೆ ತಲೆಗಳು ಚಿಮ್ಮಿದವು. ಒಂದೇ ಪೆಟ್ಟಿಗೆಯಲ್ಲಿ! ಅಂದು ನಾನು ಫಲಕದ ಬರಹ ಮುಗಿಸಿದೆ.

ಆಮೇಲೆ, ಪೊಂಗಲ್ ಹತ್ತಿರ ಬಂದು ಹೊರಗೆ ಶಾಮಿಯಾನದ ಕಂಬ ನೆಡುತ್ತಿದ್ದಾಗ, ಹುಲಿಗಳ ಬಿಲಗಳು ಕಾಣೆಯಾದವು.

ಒಂದಲ್ಲ ಎರಡಲ್ಲ, ಒಂದೊಂದಾಗಿ ಎಲ್ಲವೂ. ಬಿಲವಿದ್ದ ಕಡೆ ನುಣ್ಣನೆಯ ಮರಳು. ಇರುವೆಗಳು ಅದರ ಮೇಲೆ ನಿರಾತಂಕವಾಗಿ ಓಡಾಡುತ್ತಿದ್ದವು. ಬಿಲಗಳೆಲ್ಲ ಗಾಜಿನಿಂದ ದೂರ, ಮರಳಿನ ನಡುವೆ ಇದ್ದುದರಿಂದ ಪಕ್ಕದಿಂದಲೂ ಏನೂ ಕಾಣುತ್ತಿರಲಿಲ್ಲ.

ಎರಡು ಸಾಧ್ಯತೆ ಇತ್ತು. ಈ ಮರಿಗಳು ಪೊರೆ ಕಳಚುವ ಮೊದಲು ಒಳಗಿನಿಂದ ಬಿಲದ ಬಾಯಿ ಮುಚ್ಚಿಕೊಳ್ಳುತ್ತವೆ. ಆಗ ಮೈ ಮೆತ್ತಗಿರುತ್ತದೆ, ಯಾರೂ ಒಳಗೆ ಬರಬಾರದು. ನಾನು ಇವನ್ನು ಒಂದೇ ದಿನ ಒಂದೇ ಗಾತ್ರ ನೋಡಿ ಹಿಡಿದಿದ್ದೆ, ಒಟ್ಟಿಗೇ ತಿನ್ನಿಸಿದ್ದೆ. ಒಟ್ಟಿಗೇ ಪೊರೆ ಬಿಡುತ್ತಿರಬಹುದು. ಇಲ್ಲವೇ ಬೂಸ್ಟು ಹಿಡಿದು ಎಲ್ಲವೂ ಸತ್ತಿರಬಹುದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ.

"ಒಂದನ್ನ ಅಗೆದು ನೋಡಮ್ಮ," ಎಂದರು ನಿರ್ದೇಶಕರು. "ಬದುಕಿದ್ರೆ ಮುಚ್ಚಿಬಿಡು. ಸತ್ತಿದ್ರೆ ಸ್ಕ್ರೀನ್ ತರಿಸೋಕೆ ಇನ್ನೂ ಟೈಮ್ ಇದೆ. ನಾನು ಬಂದವರಿಗೆ ಏನು ತೋರಿಸ್ಲಿ? ಖಾಲಿ ಮರಳಾ?"

ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಕರಣೆ ನನ್ನ ಕೈಯಲ್ಲೇ ಇತ್ತು. ಅಗೆದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆದರೆ ಪೊರೆ ಬಿಡುತ್ತಿರುವ ಹುಳವನ್ನು ಅಗೆದರೆ ಅದು ಉಳಿಯುವುದಿಲ್ಲ. ಬದುಕಿದೆಯೇ ಎಂದು ತಿಳಿಯಲು ಅದನ್ನು ಕೊಲ್ಲಬೇಕು. ಕುಸಿದ ಬಿಲದಲ್ಲಿ ನನ್ನ ಕರಣೆಗೆ ಸಿಕ್ಕ ಆ ಮರಿ ಕಣ್ಣ ಮುಂದೆ ಬಂತು. ಮರಳಿಗೆ ಮೂಗು ಹತ್ತಿರ ಇಟ್ಟು ಮೂಸಿದೆ. ಸತ್ತ ಹುಳಗಳ ವಾಸನೆ ನನಗೆ ಚೆನ್ನಾಗಿ ಗೊತ್ತು. ಅದು ಇರಲಿಲ್ಲ. ಒದ್ದೆ ಮಣ್ಣಿನ ವಾಸನೆ ಅಷ್ಟೇ.

"ಅಗೆಯಲ್ಲ ಸಾರ್," ಎಂದೆ.

"ತೆರೆಯದಿದ್ರೆ?"

"ತೆರೆಯದಿದ್ರೆ ರಜ ಮುಗಿದ ಮೇಲೆ ಕೋಣೆ ನಿಮ್ಮದು. ನಾನೇ ರೋಬೋಟ್‌ಗೆ ಫಲಕ ಬರೀತೀನಿ."

ಅವರು ಶಾಮಿಯಾನದ ಕಡೆ ಹೊರಟುಹೋದರು. ನಾನು ಸ್ಟೂಲಿನ ಮೇಲೆ ಕೂತೆ. ಆಮೇಲೆ ಒಂದು ಚಿಕ್ಕ ಬೋರ್ಡು ಬರೆದೆ, ತಮಿಳಿನಲ್ಲೂ ಇಂಗ್ಲಿಷಿನಲ್ಲೂ: 'ಹುಲಿಗಳು ಬಾಗಿಲು ಹಾಕಿಕೊಂಡಿವೆ. ಒಳಗೆ ಹಳೆಯ ಚರ್ಮ ಬಿಟ್ಟು ಹೊಸದಕ್ಕೆ ಬದಲಾಗುತ್ತಿರಬೇಕು. ಯಾವಾಗ ತೆರೆಯುತ್ತವೆ ಎಂದು ನಮಗೂ ಗೊತ್ತಿಲ್ಲ. ನೀವೇ ಮೊದಲು ನೋಡಬಹುದು.'

ಬಾಗಿಲು ತೆರೆದ ದಿನ ಜನವೋ ಜನ. ನನಗೆ ಆಶ್ಚರ್ಯವಾದದ್ದು ಏನೆಂದರೆ, ಕುಳಿನರಿ ಮರಳು ಎರಚುವುದನ್ನು ನೋಡಿ ಚಪ್ಪಾಳೆ ತಟ್ಟಿದವರೆಲ್ಲ ಮುಂದೆ ಹೋಗುವ ಮೊದಲು ಆ ಖಾಲಿ ಮರಳಿನ ಮುಂದೆ ನಿಲ್ಲುತ್ತಿದ್ದರು. ಬೆಳಗಿನ ಪುಟ್ಟ ಮಳೆ ಬಿದ್ದಾಗ ಗುಂಪು ಇನ್ನೂ ಹೆಚ್ಚಾಯಿತು. ಒಬ್ಬ ಅಜ್ಜಿ ಮಡಿಸುವ ಕುರ್ಚಿ ತರಿಸಿಕೊಂಡು ಕೂತೇಬಿಟ್ಟರು. ಗಾಜಿನಣ್ಣ ಬಿಳಿ ಪಂಚೆ ಉಟ್ಟು ಬಂದು, ಯಾರೂ ಕೇಳದಿದ್ದರೂ, "ಈ ಸೂರು ನಾವು ಮಾಡಿದ್ದು" ಎಂದು ತಮಿಳಿನಲ್ಲಿ ಎಲ್ಲರಿಗೂ ಹೇಳುತ್ತಿದ್ದರು. ಹುಲಿಗಳು ಮಾತ್ರ ತೆರೆಯಲಿಲ್ಲ. ಮರುದಿನವೂ ಇಲ್ಲ.

ರಜ ಮುಗಿಯುವ ಮುನ್ನ ಒಂದು ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ತಗ್ಗಿನ ಕಡೆ ಮರಳಿನ ಮೇಲೆ ಸಣ್ಣ ಸಣ್ಣ ಉಂಡೆಗಳು ಚೆಲ್ಲಿದ್ದು ಕಂಡಿತು. ಒಳಗಿನಿಂದ ಯಾರೋ ಮಣ್ಣು ಹೊರಹಾಕಿದ್ದರು. ಓಡಿ ಬಗ್ಗಿ ನೋಡಿದೆ. ದುಂಡನೆಯ ಬಿಲ, ಹಿಂದಿನದಕ್ಕಿಂತ ಅಗಲ. ಅದರ ತುಂಬ ಹೊಸ ತಲೆ, ಹಸಿರು ಮಿಂಚಿನ ಹೊಳಪು, ನನ್ನ ನೆರಳಿಗೆ ಸರಕ್ಕನೆ ಒಳಗಿಳಿಯಿತು. ಅದು ತೇವದ ಅಂಚಿನಲ್ಲಿದ್ದ ಆ ಒಂಟಿ ಹುಲಿ. ಮಧ್ಯಾಹ್ನದ ಹೊತ್ತಿಗೆ ಇನ್ನಷ್ಟು ಬಿಲಗಳು ತೆರೆದುಕೊಂಡಿದ್ದವು. ನಾನು ನಿರ್ದೇಶಕರ ಕೋಣೆಗೆ ನುಗ್ಗಿ ಹೇಳಿದೆ, ಯಾವ ಭಾಷೆಯಲ್ಲಿ ಎಂದು ನೆನಪಿಲ್ಲ. ಅವರು ಫೋನಿನಲ್ಲಿದ್ದರು. "ಆಮೇಲೆ ಮಾತಾಡ್ತೀನಿ" ಎಂದು ಇಟ್ಟು ನನ್ನ ಹಿಂದೆಯೇ ಮೆಟ್ಟಿಲಿಳಿದರು.

ಕೋಣೆ ತುಂಬಿತ್ತು. ನಿರ್ದೇಶಕರಿಗೆ ಜಾಗ ಮಾಡಿಸಿ, ಗೋಡೆಯ ಫಲಕ ತೋರಿಸುತ್ತಾ ನಾನು ವಿವರಿಸಲು ಶುರುಮಾಡಿದೆ. "ನೋಡಿ ಸಾರ್, ಒಂದೇ ಮರಳು, ಒಂದೇ ಇರುವೆ, ಆದರೂ ಜಗಳ ಇಲ್ಲ. ಒಣಗಿದ ಕಡೆ ಬಂದ ಇರುವೆ ನರಿಯದು, ತೇವದ ಕಡೆ ಬಂದದ್ದು ಹುಲಿಯದು. ಒಂದರ ಬೇಟೆಗೆ ಇನ್ನೊಂದು ಸಂಬಂಧವೇ ಇಲ್ಲ." ಫಲಕದಲ್ಲಿ ನಾನು ಬರೆದದ್ದೂ ಅದೇ ವಾಕ್ಯ, ದಪ್ಪ ಅಕ್ಷರದಲ್ಲಿ.

ಆ ಹೊತ್ತಿಗೆ ಒಂದು ಇರುವೆ ಸೂರಿನಡಿಯ ಕೊನೆಯ ಕುಳಿಗೆ ಜಾರಿತು. ಎಲ್ಲರೂ ಮುಂದಕ್ಕೆ ಬಾಗಿದರು. ಮರಳು ಹಾರಿತು. ಇರುವೆ ಜಾರಿತು, ಹತ್ತಿತು, ಮತ್ತೆ ಜಾರಿತು. ದವಡೆ ಮುಚ್ಚಿತು, ತಪ್ಪಿತು. ಇರುವೆ ಮರಳಿನ ಏಟು ತಿನ್ನುತ್ತಲೇ ಆಚೆಯ ಅಂಚು ಹತ್ತಿ ಹೊರಗೆ ಬಂದುಬಿಟ್ಟಿತು! "ತಪ್ಪಿಚ್ಚಿಡುಚ್ಚುಡಾ!" ತಪ್ಪಿಸಿಕೊಂಡಿತೆಂದು ಯಾರೋ ತಮಿಳಿನಲ್ಲಿ ಕೂಗಿದರು. ಇರುವೆ ಒಂದು ಕ್ಷಣ ನಿಂತು ಮೀಸೆ ಒರೆಸಿಕೊಂಡಿತು. ಆಮೇಲೆ ಬದುಕಿದೆನೆಂದು ಇಳಿಜಾರಿನಲ್ಲಿ ಓಡಿತು, ಒಣಮರಳು ದಾಟಿ, ಮಳೆಯ ಗೆರೆ ದಾಟಿ, ತೇವದ ಅಂಚಿಗೆ.

ಥಟ್ಟನೆ ಆ ಹೊಸ ತಲೆ ಚಿಮ್ಮಿತು. ಇರುವೆ ಇದ್ದ ಕಡೆ ಇರುವೆ ಇರಲಿಲ್ಲ.

ಕೋಣೆಯೆಲ್ಲ ಹೋ ಎಂದಿತು. "ನರಿ ಬಿಟ್ಟದ್ದನ್ನ ಹುಲಿ ಹಿಡೀತು! ಹುಲಿ ಹಿಡೀತು!" ಎಂದು ಕನ್ನಡದಲ್ಲಿ ಕಿರುಚುತ್ತಿದ್ದವಳು ನಾನೇ ಎಂದು ಗೊತ್ತಾದದ್ದು ನಿರ್ದೇಶಕರು ನನ್ನ ಕಡೆ ತಿರುಗಿದಾಗ. ಅವರ ಎರಡೂ ಕೈ ಗಾಜಿನ ಮೇಲಿದ್ದವು.

"ಸಂಬಂಧ ಇಲ್ಲ ಅಂದ್ಯಲ್ಲಮ್ಮ?"

"ಇದೆ ಸಾರ್!" ಎಂದೆ. ನಗು ತಡೆಯಲಾಗುತ್ತಿರಲಿಲ್ಲ. ಪಕ್ಕದ ಯಂತ್ರದ ಬಳಿ ಇದ್ದ ಸ್ಕ್ರೂಡ್ರೈವರ್ ತಂದು, ಅಷ್ಟು ಜನರ ಮುಂದೆಯೇ, ನನ್ನ ಫಲಕವನ್ನು ಗೋಡೆಯಿಂದ ಬಿಚ್ಚತೊಡಗಿದೆ.